ಹೆಸರಿನ ಕೊನೆಯ ಭಾಗ

ಆಸ್ಪತ್ರೆಯ ಕಂಪ್ಯೂಟರಿಗೆ ಲಾಗಿನ್ ಆಗುವಾಗ ಹೆಸರಿನ ಕೊನೆಯ, '@' ಆದ ಮೇಲಿನ ಭಾಗವಾದ ಡೊಮೇನೇ ದಾರಿಯನ್ನು ತೀರ್ಮಾನಿಸುತ್ತಿತ್ತು. ಕಾಯಂ ನೌಕರರನ್ನು ಒಳಗೆ ದಾಟಿಸಲು ಒಂದು ವರ್ಚುವಲ್ ರೂಟರ್, ಅಂದರೆ ಸಾಫ್ಟ್‌ವೇರಿನಲ್ಲೇ ಇರುವ ಬಾಗಿಲು; ಗುತ್ತಿಗೆಯವರಿಗೆ ಇನ್ನೊಂದು.

ಆ ಬೆಳಿಗ್ಗೆ ಗುತ್ತಿಗೆಯ ನರ್ಸುಗಳು ತೋಳಿಗೆ ಕಪ್ಪು ಪಟ್ಟಿ ಕಟ್ಟಿಕೊಂಡು ಕೆಲಸಕ್ಕೆ ಬಂದರು. ಆಡಳಿತಾಧಿಕಾರಿ ಸಿಟ್ಟಿನಿಂದ ಉರಿಯುತ್ತಾ ನೆಟ್‌ವರ್ಕ್ ಕೋಣೆಗೆ ನುಗ್ಗಿದ. ಅಲ್ಲಿದ್ದವಳು ಆಸ್ಪತ್ರೆಯ ಒಬ್ಬಳೇ ಎಂಜಿನಿಯರ್.

"ಗುತ್ತಿಗೆ ಡೊಮೇನನ್ನ ಎಲ್ಲಿಗೂ ಹೋಗದ ರೂಟರಿಗೆ ತಿರುಗಿಸ್ರೀ. ಒಬ್ಬರೂ ಒಳಗೆ ಬರಬಾರದು."

"ಸರ್, ರೋಗಿಗಳಿಗೆ ರಿಪೋರ್ಟ್ ತೆಗೆದುಕೊಡೋದೇ ಅವರು."

"ಕಾಯಂನೋರು ಕೊಡ್ತಾರೆ. ಪಟ್ಟಿ ಕಟ್ಕೊಂಡು ನನ್ನನ್ನೇ ಹೆದರಿಸ್ತಾರಾ?"

"ಆ ಡೊಮೇನಲ್ಲಿ ನರ್ಸುಗಳಷ್ಟೇ ಇಲ್ಲ ಸರ್. ಸ್ವಲ್ಪ ನನ್ನ ಮಾತು..."

"ಯಾರಿದ್ರೂ ಅಷ್ಟೇ! ನಿಮ್ಮ ಪಾಠ ಬೇಡ. ಒತ್ತಿ ಅಂದ್ರೆ ಒತ್ತಿ!"

ಅವಳ ಮುಖ ಕೆಂಪಾಯಿತು. ಅವನು ಹೇಳಿದಂತೆಯೇ ಮಾಡಿ, ಲಾಗೌಟ್ ಆಗಿ, ಕೈಕಟ್ಟಿ ಕುಳಿತಳು.

ಸ್ವಲ್ಪ ಹೊತ್ತಿನಲ್ಲೇ ಕೆಳಗೆ ಕೌಂಟರಿನಲ್ಲಿ ಕೂಗಾಟ ಎದ್ದಿತು. ಕೈಯಲ್ಲಿ ಚೀಟಿ ಹಿಡಿದ ಜನ ಮೇಜು ಗುದ್ದುತ್ತಿದ್ದರು. ಇದ್ದ ಇಬ್ಬರು ಕಾಯಂ ನರ್ಸುಗಳು ಕೈಚೆಲ್ಲಿದ್ದರು. ಆಡಳಿತಾಧಿಕಾರಿ ಬೆವರುತ್ತಾ ಓಡಿಬಂದ.

"ಮೊದಲಿದ್ದ ಹಾಗೇ ಮಾಡ್ರೀ! ಈಗಲೇ!"

"ಆಗಲ್ಲ ಸರ್."

"ಏನ್ರೀ, ಅವರ ಜೊತೆ ನೀವೂ ಸೇರ್ಕೊಂಡ್ರಾ? ನಿಮ್ಮನ್ನೂ ಹೊರಗೆ ಹಾಕ್ತೀನಿ ನೋಡಿ!"

ಅವಳು ಪರದೆಯನ್ನು ಅವನತ್ತ ತಿರುಗಿಸಿ, ತನ್ನ ಹೆಸರು, ಪಾಸ್‌ವರ್ಡ್ ಒತ್ತಿದಳು. 'ಪ್ರವೇಶವಿಲ್ಲ' ಎಂದು ಬಂತು.

"ಆಗಲೇ ಹಾಕಿದ್ದೀರಿ ಸರ್. ನಾನೂ ಗುತ್ತಿಗೆಯವಳೇ."