ಪಂಪು ನಿಂತ ಹೊತ್ತು

ಊರಿನ ಕೊಳಚೆ ನೀರು ಅಳಿವೆಗೆ ಬೀಳದಂತೆ ಪಂಪು ನಡೆಸುತ್ತಿದ್ದವನೊಬ್ಬನಿದ್ದನಂತೆ. ಅವನ ಕೋಣೆಯ ಮುಂದೆ ಎಲ್ಲರೂ ಮೂಗು ಮುಚ್ಚಿಕೊಂಡೇ ಹಾದುಹೋಗುತ್ತಿದ್ದರು. ದಿನವಿಡೀ ಅವನ ಕಿವಿಗೆ ಬೀಳುತ್ತಿದ್ದುದು ಪಂಪಿನ ಸದ್ದೊಂದೇ. ಆ ಸದ್ದು ನಿಂತರೆ ಮಾತ್ರ, ಅಳಿವೆಯ ಕೆಸರಿನಲ್ಲಿ ಮರುವಾಯಿ ಚಿಪ್ಪು ಹೆಕ್ಕುವ ಹೆಂಗಸೊಬ್ಬಳು ಓಡಿಬರುತ್ತಿದ್ದಳು. ಹೊಲಸು ಹರಿದು ಚಿಪ್ಪು ಸತ್ತರೆ ಅವಳ ಅನ್ನಕ್ಕೇ ಕಲ್ಲು.

ಅಂದೂ ಬಂದಳು.

"ಮತ್ತೆ ಹಾಳಾಯ್ತಾ ಮಾರಾಯಾ? ನಿನ್ ಪಂಪಿಗಿಂತ ನನ್ ಮೊಣಕಾಲೇ ಗಟ್ಟಿ!"

"ಹಳೇ ಮಿಷನ್ ಅಲ್ದಾ ಅಕ್ಕ? ಈಗ ಸರಿ ಮಾಡ್ತೆ. ಕೂತ್ಕಣಿ."

ಒಳಗೆ ಸ್ಟೂಲಿನ ಮೇಲೆ ಎರಡು ಲೋಟಗಳಲ್ಲಿ ಚಹಾ ಆಗಲೇ ಹಬೆಯಾಡುತ್ತಿತ್ತು. ಅವಳು ಲೋಟಗಳನ್ನೊಮ್ಮೆ, ಅವನನ್ನೊಮ್ಮೆ ನೋಡಿ, ಒಂದನ್ನೆತ್ತಿಕೊಂಡು ಕುಳಿತಳು.

"ನಾಳಿಂದ ಪಂಪ್ ನಿಲ್ಸ್‌ಬೇಡ ಮಗಾ. ನಾ ಸುಮ್ನೇ ಬತ್ತೆ."