ಸ್ವಿಚ್ಚಿನ ಗಾಜು

ಮೆಕ್ಯಾನಿಕ್ ಚಿತ್ತಪ್ಪ ಲಾರಿಯ ಬಾಗಿಲೊಳಗಿಂದ ಗಾಜು ಏರಿಸಿ ಇಳಿಸುವ ಸುಟ್ಟ ಮೋಟಾರು ಕಿತ್ತು ನೆಲಕ್ಕೆ ಹಾಕಿದ. "ಇದರ ಕಥೆ ಮುಗೀತು ಸಾವ್ಕಾರ್ರೇ. ಬೇರೇದು ಬೇಕಂದ್ರೆ ಅಮೆರಿಕದಿಂದ್ಲೇ ಬರಬೇಕು. ಸದ್ಯಕ್ಕೆ ನಮ್ಮ ದೇಶದ ಲಾರೀದು ಹಿಡಿಕೆ ಹಾಕ್ತೀನಿ, ತಿರುಗಿಸ್ಕಳ್ರಿ."

ಕಾಟಲಿಂಗಪ್ಪನ ಮುಖ ಹುಳ್ಳಗಾಯಿತು. ಗಣಿ ಕ್ಯಾಂಪಿನ ಪರದೇಶದ ಎಂಜಿನಿಯರು ಬಿಟ್ಟುಹೋದ ಈ ಹಳೇ ಸಣ್ಣ ಲಾರಿಯನ್ನು ಹರಾಜಿನಲ್ಲಿ ಹಿಡಿದ ಮೇಲೆಯೇ ಹಿರಿಯೂರಿನಲ್ಲಿ ಅವನಿಗೊಂದು ತೂಕ ಬಂದದ್ದು. ಎಂಜಿನ್ನು ಏದುಸಿರು ಬಿಡುತ್ತಿತ್ತು, ಬ್ರೇಕನ್ನು ದೇವರಿಗೇ ಬಿಟ್ಟಿದ್ದ. ಅದನ್ನೆಲ್ಲ ಯಾರು ಕೇಳುತ್ತಾರೆ? ಸ್ವಿಚ್ಚು ಒತ್ತಿದರೆ ಗಾಜು ತಾನೇ ಇಳಿಯುತ್ತದೆ, ತಾನೇ ಏರುತ್ತದೆ! ಆ ಸುದ್ದಿ ಕೇಳಿಯೇ ಯಲ್ಲದಕೆರೆಯ ಮೂಡಲಗಿರಿಯಪ್ಪ ಇವನ ಮಗಳನ್ನು ಸೊಸೆ ಮಾಡಿಕೊಳ್ಳಲು ಮುಂದೆ ಬಂದಿದ್ದ. ಡ್ರೈವರ್ ಕಡೆಯ ಗಾಜು ಕೆಟ್ಟು ಮೇಲೇ ನಿಂತಾಗ, "ಧೂಳು ಅಂತ ಮುಚ್ಚಿದ್ದೀನಿ" ಎಂದು ಹೇಗೋ ತೇಲಿಸಿಬಿಟ್ಟಿದ್ದ. ಈಗ ಇನ್ನೊಂದೂ ಕೈಕೊಟ್ಟಿತು. ನಾಳೆಯೇ ಗಂಡಿನ ಮನೆ ನೋಡಲು ಹೋಗಬೇಕು.

"ಹಿಡಿಕೆ ಹಾಕು. ಸ್ವಿಚ್ಚು ಮಾತ್ರ ಕೀಳಬ್ಯಾಡ" ಎಂದವನೇ ಮನೆಗೆ ಹೋಗಿ ಹೆಂಡತಿ ಏಕನಾಥಮ್ಮನಿಗೆ ಪಾಠ ಶುರುಮಾಡಿದ. "ನಾನು ಈ ಕಡೆ ಸ್ವಿಚ್ಚು ಒತ್ತುತೀನಿ. ನೀನು ಆ ಕಡೆ ಸೆರಗಿನೊಳಗೆ ಕೈ ಇಟ್ಕಂಡು ಹಿಡಿಕೆ ತಿರುಗಿಸು. ಮುಖದಾಗೆ ಏನೂ ತೋರಿಸಬ್ಯಾಡ."

"ನಾವು ಹೋಗ್ತಿರೋದು ಗಂಡು ನೋಡಾಕೋ, ಗಾಜು ತೋರಿಸಾಕೋ?"

"ಎಲ್ಡೂ ಒಂದೇ ಕಣೇ."

ಏಕನಾಥಮ್ಮನಿಗೆ ಎರಡೂ ಒಂದಾಗಿರಲಿಲ್ಲ. ಮಗಳು ಸೇರುವ ಮನೆಯಲ್ಲಿ ಅವಳನ್ನು ಮನುಷ್ಯಳು ಅಂತ ಕಾಣುತ್ತಾರೋ ಇಲ್ಲವೋ, ಅಷ್ಟೇ ಅವಳ ಚಿಂತೆ. ಆದರೂ ಗಂಡನ ಮಾನ ಹೋಗಬಾರದೆಂದು ಹೂಂ ಅಂದಳು.

ಯಲ್ಲದಕೆರೆಯಲ್ಲಿ ಲಾರಿ ನಿಂತದ್ದೇ ತಡ, ಮೂಡಲಗಿರಿಯಪ್ಪನೂ ಕೇರಿಯ ಗಂಡಸರೂ ಬಂದು ಮುತ್ತಿದರು. ಮನೆಯ ಹೆಂಗಸರು ನೀರಿನ ತಂಬಿಗೆ ಹಿಡಿದು ಬಂದು ಕರೆಯುವ ತನಕ ಹೆಣ್ಣಿನ ತಾಯಿ ಇಳಿಯುವಂತಿಲ್ಲ. ಕಾಟಲಿಂಗಪ್ಪ ಆ ಪದ್ಧತಿಯನ್ನೇ ನೆಚ್ಚಿಕೊಂಡಿದ್ದ. ಸ್ವಿಚ್ಚು ಒತ್ತಿದ. ಸೆರಗಿನೊಳಗೆ ಕೈ ತಿರುಗಿತು. ಗಾಜು ಸಲೀಸಾಗಿ ಇಳಿಯಿತು.

"ಅಬ್ಬಬ್ಬಾ! ಮಿಷನ್ನಿಂದು ಸದ್ದೇ ಇಲ್ವಲ್ರೀ!"

"ಫಾರಿನ್ ಮಾಲು" ಎಂದ ಕಾಟಲಿಂಗಪ್ಪ ದೊಡ್ಡಮನಸ್ಸು ಮಾಡಿ, "ನೀವೂ ಒತ್ರಿ" ಎಂದು ಕೆಳಗಿಳಿದ. ಮೂಡಲಗಿರಿಯಪ್ಪ ಒತ್ತಿದ. ಅವನ ತಮ್ಮ ಒತ್ತಿದ. ಒಬ್ಬ ಮುದುಕನಂತೂ ಚಪ್ಪಲಿ ಕಳಚಿಟ್ಟು ಬಂದು ಒತ್ತಿ, "ಒಳಗೆ ಕುಂತೋರದು ಏನು ಸುಖಾನಪ್ಪ!" ಎಂದು ನಿಟ್ಟುಸಿರುಬಿಟ್ಟ. ಒಳಗೆ ಕುಂತವಳ ರಟ್ಟೆ ಬಿದ್ದುಹೋಗಿತ್ತು. ಹೊಸ ಹಿಡಿಕೆ ಬಿಗಿ, ಅಂಗೈ ಉರಿಯುತ್ತಿತ್ತು. ತಂಬಿಗೆಯ ಸುಳಿವೇ ಇಲ್ಲ.

ಕೊನೆಗೆ ಗಂಡು ಹತ್ತಿ ಕೂತ. ಇಸ್ತ್ರಿ ಅಂಗಿ, ತೀಡಿದ ಕ್ರಾಪು. ಅವನು ಸ್ವಿಚ್ಚು ಒತ್ತುವುದಕ್ಕೂ ಏಕನಾಥಮ್ಮನ ಸೆರಗು ಜಾರುವುದಕ್ಕೂ ಸರಿಹೋಯಿತು. ಅವನೊಬ್ಬನಿಗೆ ಹಿಡಿಕೆ ಕಂಡಿತು, ಕೆಂಪಾದ ಕೈಯೂ ಕಂಡಿತು. ಅವಳಿಗೆ ಒಳಗೊಳಗೇ ಹಗುರವೆನಿಸಿತು. ಗಂಡನ ಮಾನ ಹೋದರೆ ಹೋಗಲಿ, ಈ ಹುಡುಗ ಇನ್ನು ಒತ್ತುವುದನ್ನು ಬಿಟ್ಟುಬಿಡುತ್ತಾನೆ.

ಹುಡುಗ ಹೊರಗಿದ್ದವರನ್ನು ನೋಡಿದ. ಅವಳನ್ನು ನೋಡಿದ. ಹಲ್ಲು ಕಿರಿದು, "ಇನ್ನೊಂದು ಸಲ" ಎಂದು ಮತ್ತೆ ಒತ್ತಿದ.

ಅವಳು ತಿರುಗಿಸಿದಳು.

ವಾಪಸು ಬರುವಾಗ ಕಾಟಲಿಂಗಪ್ಪನನ್ನು ಹಿಡಿಯುವವರಿಲ್ಲ. "ಗೆದ್ದಂಗಾತು ಕಣೇ! ನಾಳೆಯೇ ಲಗ್ನ ಬರೆಸಾಣ. ಹುಡುಗನೂ ಬಲು ಚುರುಕು."

"ಆ ಹುಡುಗ ಬ್ಯಾಡ."

"ಯಾಕೆ? ಏನು ಕಮ್ಮಿ ಆಗೈತೆ ಅವನಿಗೆ?"

"ಹಿಡಿಕೆ ತಿರುಗಿಸೋದು ನನ್ನ ಕೈಗೇ ಸಾಕು" ಎಂದಳು ಏಕನಾಥಮ್ಮ, ಅಂಗೈ ನೀವಿಕೊಳ್ಳುತ್ತ. "ನನ್ನ ಮಗಳ ಕೈಗೆ ಬ್ಯಾಡ."

ಎದುರಿಗೆ ಬಸ್ಸೊಂದು ಧೂಳೆಬ್ಬಿಸಿಕೊಂಡು ಬರುತ್ತಿತ್ತು. ಅವಳ ಕಡೆಯ ಗಾಜು ಪೂರಾ ಇಳಿದೇ ಇತ್ತು. ಕಾಟಲಿಂಗಪ್ಪ ಗಡಬಡಿಸಿ ಸ್ವಿಚ್ಚು ಒತ್ತಿದ, ಮತ್ತೆ ಒತ್ತಿದ. ಏಕನಾಥಮ್ಮ ಎರಡೂ ಕೈಗಳನ್ನು ಮಡಿಲಲ್ಲಿಟ್ಟುಕೊಂಡು ರಸ್ತೆ ನೋಡುತ್ತಿದ್ದಳು.