ಇಳಿಜಾರಿನ ಸಪ್ಪಳ

ಗುಡ್ಡದ ನೆತ್ತಿ ದಾಟಿ ಇಳಿಜಾರು ಶುರುವಾದದ್ದೇ ತಡ, ಪರಶುರಾಮ ಟ್ರ್ಯಾಕ್ಟರನ್ನು ನ್ಯೂಟ್ರಲ್‌ಗೆ ಹಾಕಿ ಆರಾಮಾಗಿ ಹಿಂದಕ್ಕೊರಗಿದ. ಇಳಿಜಾರಿನಲ್ಲಿ ಡೀಸೆಲ್ ಸುಡುವವನು ಶುದ್ಧ ದಡ್ಡ ಎಂಬುದು ಅವನ ನಂಬಿಕೆ. ಅವನೊಬ್ಬನದೇ ಏನು, ಆ ಸೀಮೆಯ ಟ್ರ್ಯಾಕ್ಟರಿನವರೆಲ್ಲರದೂ ಅದೇ ಹಾಡು. ಹಿಂದೆ ಟ್ರಾಲಿಯ ತುಂಬ ಭತ್ತದ ಚೀಲ. ಬಲಗಡೆಯ ಮಡ್‌ಗಾರ್ಡಿನ ಮೇಲೆ ಅಕ್ಕನ ಮಗಳು ಮಹಾನಂದಾ, ತೊಡೆಯ ಮೇಲೆ ಒಂಬತ್ತನೇ ತರಗತಿಯ ವಿಜ್ಞಾನದ ಪುಸ್ತಕ. ಸುರಪುರದ ಹೈಸ್ಕೂಲಿನಲ್ಲಿ ಅವಳಿಗೆ ಅಂದು ಪರೀಕ್ಷೆ. ತಮ್ಮೂರು ಬೋನಾಳ ಬಿಟ್ಟಾಗಿನಿಂದ ಅವಳ ಬಾಯಿಗೆ ಬಿಡುವಿರಲಿಲ್ಲ.

"ಕಾಲದೊಂದಿಗೆ ವೇಗ ಬದಲಾಗುವ ದರವೇ ವೇಗೋತ್ಕರ್ಷ" ಎಂದು ಅವಳು ಮತ್ತೆ ಮತ್ತೆ ಗುನುಗುವುದನ್ನು ಕೇಳಿ ಕೇಳಿ ಪರಶುರಾಮನಿಗೆ ತಲೆ ಚಿಟ್ಟು ಹಿಡಿದಿತ್ತು. ತನಗೆ ಗೊತ್ತಿರುವುದನ್ನೂ ಒಂದಿಷ್ಟು ಕಲಿಸೋಣವೆಂದು ಸ್ಟೇರಿಂಗಿನ ಪಕ್ಕದ ರೇಸ್ ಹಿಡಿಕೆಯನ್ನು ಒಮ್ಮೆ ಎಳೆದು ಬಿಟ್ಟ. ಎಂಜಿನ್ ಗುಡುಗಿ ಮತ್ತೆ ತಣ್ಣಗಾಯಿತು. "ನೋಡಿದೇನ? ನ್ಯೂಟ್ರಲ್‌ನ್ಯಾಗ ಎಷ್ಟು ರೇಸ್ ಕೊಟ್ಟರೂ ಎಂಜಿನ್ ಒದರತದ ಅಷ್ಟ. ಗಾಲಿಗೆ ಏನೂ ಹತ್ತಂಗಿಲ್ಲ. ಇದನ್ನ ನಿನ್ನ ಪುಸ್ತಕದಾಗ ಬರದಾರೇನು?"

ಮಹಾನಂದಾ ರಸ್ತೆಯ ಬದಿಯ ಕರೆಂಟ್ ಕಂಬಗಳನ್ನು ನೋಡುತ್ತಿದ್ದಳು. ಮೊದಲಿನವು ಸಾವಕಾಶವಾಗಿ ಹಿಂದೆ ಸರಿದಿದ್ದವು. ಈಗ ಒಂದು ದಾಟಿತು ಅನ್ನುವಷ್ಟರಲ್ಲಿ ಇನ್ನೊಂದು ಎದುರಿಗೆ ಬರುತ್ತಿತ್ತು. ಎಂಜಿನ್ ಮಾತ್ರ ನಿಂತ ಗಾಡಿಯ ಹಾಗೆ ಟುಕು ಟುಕು ಅನ್ನುತ್ತಿತ್ತು.

"ಮಾವಾ, ಕಂಬ ಭಾಳ ಲಗು ಬರಾಕತ್ತಾವ."

"ಕಂಬ ಎಲ್ಲಿ ಬರತಾವ ಹುಚ್ಚಿ, ನಾವ್ ಹೊಂಟೇವಿ" ಎಂದು ನಗುತ್ತಲೇ ಪರಶುರಾಮ ತಿರುವು ಹಾಯಿಸಿದ. ಆಮೇಲೆ ಅವನ ನಗು ನಿಂತುಹೋಯಿತು. ಕೆಳಗೆ, ಇಳಿಜಾರು ಮುಗಿಯುವಲ್ಲಿ, ಕುರಿಹಿಂಡು ರಸ್ತೆ ದಾಟುತ್ತಿತ್ತು. ಹಿಂಡಿನ ಕೊನೆಯಲ್ಲಿ, ರಸ್ತೆಯ ಸರೀ ನಡುವೆ, ಹೆಗಲ ಮೇಲೆ ಕಂಬಳಿ ಹಾಕಿಕೊಂಡು ಮರಿಗಳನ್ನು ಅಟ್ಟುತ್ತಿದ್ದ ಹೆಂಗಸು ಅವನ ಅಕ್ಕ ರೇಣಮ್ಮ. ಮಹಾನಂದಾಳ ಅವ್ವ.

ಬ್ರೇಕ್ ತುಳಿದ. ಟ್ರಾಲಿಗೆ ಬ್ರೇಕ್ ಎಲ್ಲಿಂದ ಬರಬೇಕು? ಭತ್ತದ ಭಾರ ಹಿಂದಿನಿಂದ ನೂಕಿ ಇಡೀ ಗಾಡಿ ಅಡ್ಡಕ್ಕೆ ಹೊರಳತೊಡಗಿತು, ಹೆದರಿ ಕಾಲು ತೆಗೆದ. ಗೇರಿಗೆ ಹಾಕಲು ಹೋದ. ಅಷ್ಟು ಜೋರಿನಲ್ಲಿ ಗೇರ್ ಕೂರದೆ ಕರಕರ ಹಲ್ಲು ಕಡಿಯಿತು. ಹಾರ್ನಿನ ವೈರು ಹರಿದು ಎಷ್ಟೋ ದಿನವಾಗಿತ್ತು, ಇವತ್ತು ನಾಳೆ ಅನ್ನುತ್ತ ಹಾಗೇ ಬಿಟ್ಟಿದ್ದ. ಇಬ್ಬರೂ ಗಂಟಲು ಹರಿಯುವಂತೆ ಕೂಗಿದರು. ಕುರಿಗಳ ಗದ್ದಲದಲ್ಲಿ ಆ ಕೂಗು ಯಾರಿಗೂ ಮುಟ್ಟಲಿಲ್ಲ.

ರೇಣಮ್ಮ ತಿರುಗಿ ನೋಡಲಿಲ್ಲ. ನೋಡುವುದೂ ಇಲ್ಲವೆಂದು ಮಹಾನಂದಾಗೆ ಗೊತ್ತಿತ್ತು. ರಸ್ತೆ ದಾಟಿಸುವಾಗ ಅವ್ವನ ಕಣ್ಣು ಕುರಿಯ ಮೇಲೆ, ಕಿವಿ ರಸ್ತೆಯ ಮೇಲೆ. ಕಣ್ಣು ತೆಗೆದರೆ ಮರಿ ಚೆದುರುತ್ತವೆ. ಬರುತ್ತಿರುವುದು ಲಾರಿಯೋ ಬಸ್ಸೋ, ದೂರವೋ ಹತ್ತಿರವೋ, ಎಲ್ಲವನ್ನೂ ಅವಳು ಸಪ್ಪಳದಿಂದಲೇ ಅಳೆಯುವವಳು. ಈಗ ಅವಳಿಗೆ ಕೇಳಿಸುತ್ತಿರುವುದು ಬರೀ ಟುಕು ಟುಕು, ನಿಂತ ಗಾಡಿಯ ಸಪ್ಪಳ. ಹಿಂದಕ್ಕೆ ನೋಡದೆಯೇ ಅವಳು ಎಡಗೈ ಎತ್ತಿ, ತಡಿ ಎಂಬಂತೆ ಆಡಿಸಿದಳು.

ಮಹಾನಂದಾ ಪುಸ್ತಕ ಬಿಸಾಕಿ ಬಾಗಿ, ರೇಸ್ ಹಿಡಿಕೆಯನ್ನು ಕೊನೆಯವರೆಗೂ ಎಳೆದುಬಿಟ್ಟಳು. ಪರಶುರಾಮ ಅವಳ ಕೈಯ ಮೇಲೆ ಹೊಡೆದ. ಅವಳು ಬಿಡಲಿಲ್ಲ. ಎಂಜಿನ್ ಗುಡ್ಡ ಬಿರಿಯುವಂತೆ ಅರಚಿತು. ರೇಣಮ್ಮನ ಕೊರಳು ಹೊರಳಿತು. ಅರೆಕ್ಷಣ ನೋಡಿದಳು, ಕೈಗೆ ಸಿಕ್ಕ ಮರಿಯೊಂದನ್ನು ಎಳೆದುಕೊಂಡು ಪಕ್ಕದ ತಗ್ಗಿಗೆ ಜಿಗಿದಳು. ಉಳಿದ ಮರಿಗಳು ಬೆದರಿ ಎರಡೂ ಕಡೆ ಚೆಲ್ಲಾಪಿಲ್ಲಿಯಾದವು. ಅವಳು ನಿಂತಿದ್ದ ಜಾಗದ ಮೇಲೆ ಟ್ರ್ಯಾಕ್ಟರ್ ಹಾಯ್ದುಹೋಯಿತು.

ಸಮತಟ್ಟಾದ ರಸ್ತೆಯಲ್ಲಿ ಬಹಳ ದೂರ ಓಡಿ, ಸೋತು ಅದು ನಿಂತಿತು. ಮಹಾನಂದಾ ಇಳಿದು ಅಳುತ್ತ ಹಿಂದಕ್ಕೆ ಓಡಿ ಅವ್ವನನ್ನು ತಬ್ಬಿಕೊಂಡಳು. ರೇಣಮ್ಮನ ಮೊಣಕೈ ತರಚಿ ರಕ್ತ ಜಿನುಗುತ್ತಿತ್ತು, ಕಂಕುಳಲ್ಲಿ ಮರಿ ಹಾಗೇ ಇತ್ತು. ಪರಶುರಾಮನೂ ಬಂದ. ಬಂದವನ ಬಾಯಿ ಸುಮ್ಮನಿರಬೇಕಲ್ಲ. ಹೆದರಿಕೆಯನ್ನೆಲ್ಲ ಸಿಟ್ಟು ಮಾಡಿ ಅಕ್ಕನ ಮೇಲೆಯೇ ಹಾಯ್ದ. ನಡುರಸ್ತೆಯಲ್ಲಿ ಬೆನ್ನು ಹಾಕಿ ನಿಲ್ಲುವುದೇ, ಒಮ್ಮೆ ಹಿಂದೆ ನೋಡಿದ್ದರೆ ಗಂಟೇನು ಹೋಗುತ್ತಿತ್ತು, ಸತ್ತಿದ್ದರೆ ಊರಿಗೆ ಏನು ಮುಖ ತೋರಿಸಬೇಕಿತ್ತು ಎಂದು ಒದರಾಡಿದ.

ರೇಣಮ್ಮ ಮರಿಯನ್ನು ಕೆಳಗಿಳಿಸಿದಳು. ರಸ್ತೆಯ ನಡುವೆ ಬಿದ್ದಿದ್ದ ಕಂಬಳಿ ಎತ್ತಿ ಕೊಡವಿದಳು. ಅದರ ಮೇಲೆ ದೊಡ್ಡ ಗಾಲಿಯ ಅಚ್ಚು ಮೂಡಿತ್ತು, ಎಷ್ಟು ಕೊಡವಿದರೂ ಹೋಗಲಿಲ್ಲ. ಅದನ್ನೇ ಹೆಗಲಿಗೆ ಹಾಕಿಕೊಂಡು ಅವಳು ಮೆಲ್ಲಗೆ ಹೇಳಿದಳು:

"ಸಪ್ಪಳ ಕೇಳಿತ್ತೋ ತಮ್ಮಾ. ನಿಂದ ಗಾಡಿ ಅಂತ ಗುರ್ತು ಸಿಕ್ಕಿತ್ತು. ಅದಕ್ಕ ನಾ ತಿರುಗಿ ನೋಡಲಿಲ್ಲ."